ಬೈರೇಶ್ ಮೇಷ್ಟ್ರು ಶಾಲೆಯಲ್ಲಿ ಕ್ಲಬ್ ತೆರೆದದ್ದು

ಜಡಿಗೇನಹಳ್ಳಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಬೈರೇಶ್ ಕನ್ನಡದ ಅತಿಥಿ ಶಿಕ್ಷಕ. ಅತಿಥಿ ಬಂದರೆ ಕೂರಿಸಿ, ನೀರು ಕೊಟ್ಟು, ಊಟ ಆಯಿತಾ ಎಂದು ಕೇಳುವ ಪದ್ಧತಿ ಊರಿನಲ್ಲಿದೆ. ಶಾಲೆಯ ಪದ್ಧತಿ ತುಸು ಬೇರೆ. ಅಲ್ಲಿ ಅತಿಥಿಯೇ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯಬೇಕು. ಜೂನ್‌ನಲ್ಲಿ ‘ಬನ್ನಿ’ ಅಂದರೆ ಬರಬೇಕು, ಮಾರ್ಚ್‌ನಲ್ಲಿ ‘ಹೋಗಿ ಬನ್ನಿ’ ಅಂದರೆ ಹೋಗಬೇಕು, ಮತ್ತೆ ‘ಬನ್ನಿ’ ಅನ್ನುವವರೆಗೆ ಫೋನನ್ನು ಚಾರ್ಜಿಗೆ ಹಾಕಿಕೊಂಡು ಅದರ ಮುಖ ನೋಡುತ್ತಾ ಕೂರಬೇಕು. ಇಪ್ಪತ್ತೆಂಟರ ಬೈರೇಶ್ ನಾಲ್ಕು ವರ್ಷದಿಂದ ಹೀಗೆ ನೆಂಟಸ್ತನ ಮಾಡಿಕೊಂಡಿದ್ದ.

ಅವನ ಜೊತೆ ಓದಿದ ಭೀಮರಾಜ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬಸ್ ಸ್ಟಾಪಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ: “ಲೇ, ನಾಲ್ಕ್ ವರ್ಷದಿಂದ ಅದೇ ಮನೇಲಿ ನೆಂಟ ಆಗಿದ್ದೀಯಲ್ಲೋ. ಇನ್ನೂ ಹುಡುಗೀನ ತೋರ್ಸಿಲ್ವಾ?”

ಇದಕ್ಕೆ ಒಂದು ಚುರುಕಾದ ಉತ್ತರ ಬೈರೇಶನಿಗೆ ಯಾವಾಗಲೂ ಬಸ್ಸು ಹೊರಟ ಮೇಲೆ ಹೊಳೆಯುತ್ತಿತ್ತು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳ ಸರ್ವತೋಮುಖ ಬೆಳವಣಿಗೆಗಾಗಿ ಶಾಲೆಯಲ್ಲಿ ಏಳು ಕ್ಲಬ್‌ಗಳು ಇರತಕ್ಕದ್ದು: ಪರಿಸರ, ವಿಜ್ಞಾನ, ಗಣಿತ, ಸಾಹಿತ್ಯ, ಚರ್ಚೆ, ಪರಂಪರೆ, ಗ್ರಾಹಕ ಜಾಗೃತಿ. ಮುಖ್ಯ ಶಿಕ್ಷಕಿ ಶಾಮಲಾ ಮೇಡಂ ಸಭೆಯಲ್ಲಿ ಇದನ್ನು ಓದಿ, ಒಂದೊಂದಕ್ಕೂ ಸಂಚಾಲಕರು ಯಾರಾಗುತ್ತೀರಿ ಎಂದು ಕೇಳಿದರು. ಖಾಯಂ ಶಿಕ್ಷಕರೆಲ್ಲ ಒಟ್ಟಿಗೆ ತಲೆ ಎತ್ತಿ ಫ್ಯಾನ್ ನೋಡಿದರು. ಬೈರೇಶನೂ ನೋಡಬೇಕೆಂದಿದ್ದ, ಆದರೆ ಅವನು ಕುಳಿತ ಕಡೆ ಫ್ಯಾನ್ ಇರಲಿಲ್ಲ.

“ಬೈರೇಶ್, ನೀವು ಯಂಗ್ ಇದ್ದೀರ. ಎನರ್ಜಿ ಇದೆ,” ಅಂದರು ಮೇಡಂ.

ಹೀಗೆ ಏಳೂ ಕ್ಲಬ್‌ಗಳು ಅವನ ಕೊರಳಿಗೆ ಬಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಎರಡನೇ ಸಲಕ್ಕೆ ದಾಟಿದವನು ಗಣಿತ ಕ್ಲಬ್ಬಿನ ಸಂಚಾಲಕನಾದ. ಮೊಬೈಲ್ ಕವರ್ ಕೊಂಡು ಮೋಸ ಹೋಗಿ ಅಂಗಡಿಯವನನ್ನು ಕೇಳಲು ಹೆದರಿ ವಾಪಸ್ ಬಂದವನು ಗ್ರಾಹಕ ಜಾಗೃತಿಯ ಸಂಚಾಲಕನಾದ. ಇನ್ನು ಚರ್ಚೆ. ಮನೆಯಲ್ಲಿ ತಾಯಿ ಪಾಪಮ್ಮನವರ ಎದುರು ಅವನು ಇಂದಿನವರೆಗೆ ಒಂದು ಚರ್ಚೆಯನ್ನೂ ಗೆದ್ದಿರಲಿಲ್ಲ.

ಆದರೆ ಮನುಷ್ಯ ಪೂರ್ತಿ ದಡ್ಡನೇನಲ್ಲ. ಸುತ್ತೋಲೆಯನ್ನು ಇನ್ನೊಮ್ಮೆ ಓದಿದಾಗ ಅದು ಕೇಳುತ್ತಿರುವುದು ಕ್ಲಬ್ಬನ್ನಲ್ಲ, ಕ್ಲಬ್ಬಿನ ಫೋಟೋವನ್ನು ಎಂಬುದು ಅವನಿಗೆ ಹೊಳೆಯಿತು. ಹೊಸಕೋಟೆಗೆ ಹೋಗಿ ಒಂದೇ ಒಂದು ಫ್ಲೆಕ್ಸ್ ಮಾಡಿಸಿದ. ಅದರಲ್ಲಿ ‘ಕ್ಲಬ್ ಉದ್ಘಾಟನಾ ಸಮಾರಂಭ’ ಎಂದು ಅಚ್ಚಾಗಿತ್ತು. ‘ಕ್ಲಬ್’ಗೆ ಮೊದಲಿನ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ‘ಪರಿಸರ’ ಎಂದು ಬರೆದ ಡ್ರಾಯಿಂಗ್ ಶೀಟನ್ನು ಗುಂಡುಪಿನ್ನಿನಲ್ಲಿ ಚುಚ್ಚಿದರೆ ಪರಿಸರ ಕ್ಲಬ್. ಅದನ್ನು ಕಿತ್ತು ‘ಗಣಿತ’ ಚುಚ್ಚಿದರೆ ಗಣಿತ ಕ್ಲಬ್. ಹೊಂಗೆ ಮರದ ಕೆಳಗೆ ಹನ್ನೆರಡು ಮಕ್ಕಳನ್ನು ನಿಲ್ಲಿಸಿದ. ಪರಿಸರಕ್ಕೆ ಎಲ್ಲರ ಕೈಯಲ್ಲೂ ಸೊಪ್ಪು. ವಿಜ್ಞಾನಕ್ಕೆ ಸೊಪ್ಪು ಕೆಳಗಿಟ್ಟು ಗಾಜಿನ ಲೋಟ. ಪರಂಪರೆಗೆ ಹುಡುಗಿಯರು ಮುಂದೆ, ಹುಡುಗರು ಹಿಂದೆ. ಮುಕ್ಕಾಲು ಗಂಟೆಯಲ್ಲಿ ಇಡೀ ಸರ್ವತೋಮುಖ ಬೆಳವಣಿಗೆ ಮುಗಿದುಹೋಯಿತು.

ಹತ್ತನೇ ತರಗತಿಯ ಮೋನಿಷಾ, ಬಾಯಿ ಸುಮ್ಮನಿರದ ಹುಡುಗಿ, ಲೋಟ ಹಿಡಿದುಕೊಂಡೇ ಕೇಳಿದಳು: “ಸಾರ್, ಇದ್ರಲ್ಲಿ ಯಾವ್ ಕ್ಲಬ್‌ನಲ್ಲಿ ನಾವು ಏನಾದ್ರೂ ಮಾಡೋದು?”

“ನಗು. ಮೊದ್ಲು ನಗು,” ಅಂದ ಬೈರೇಶ್. “ಫೋಟೋ ಬ್ಲರ್ ಆಗ್ತದೆ.”

ಏಳೂ ಫೋಟೋಗಳು ಅಪ್‌ಲೋಡ್ ಆದವು. ಜನವರಿವರೆಗೆ ಎಲ್ಲ ಶಾಂತವಾಗಿತ್ತು. ಆಮೇಲೆ ಸುದ್ದಿ ಬಂತು: ಬರುವ ಶನಿವಾರ ತಪಾಸಣೆಗೆ ಸಾಹೇಬರು ಬರುತ್ತಾರೆ, ಕ್ಲಬ್‌ಗಳನ್ನು ಕಣ್ಣಾರೆ ನೋಡುತ್ತಾರೆ.

ಶಾಮಲಾ ಮೇಡಂ ಬೈರೇಶನನ್ನು ಕರೆದರು. “ನೋಡಿ, ಅವ್ರು ‘ಕ್ಲಬ್‌ಗಳು ಕಾರ್ಯನಿರತ’ ಅಂತ ಬರೆದ್ರೆ ಜೂನ್‌ಗೆ ನಿಮ್ಮ ಹೆಸರೇ ಮೊದ್ಲು ಕಳಿಸ್ತೀನಿ. ಬರೀಲಿಲ್ಲ ಅಂದ್ರೆ... ಕನ್ನಡಕ್ಕೆ ಇನ್ನೂ ಮೂರು ಜನ ಅರ್ಜಿ ಇಟ್ಕೊಂಡು ನಿಂತಿದ್ದಾರೆ. ನಾನೇನ್ ಮಾಡ್ಲಿ ಹೇಳಿ?”

ಬೈರೇಶ್ ಏಳು ಕ್ಲಬ್ಬುಗಳನ್ನೂ ಬೆರಳಲ್ಲಿ ಎಣಿಸಿದ. ಏಳರಲ್ಲಿ ಒಂದಾದರೂ ಉಸಿರಾಡುತ್ತಿದ್ದರೆ ಬಚಾವ್. ಚರ್ಚಾ ಕ್ಲಬ್ಬಿಗೆ ಸೊಪ್ಪು, ಲೋಟ ಯಾವುದೂ ಬೇಡ, ಬಾಯಿ ಇದ್ದರೆ ಸಾಕು ಎಂದುಕೊಂಡು ಸೋಮವಾರ ರಾತ್ರಿ ಊಟಕ್ಕೆ ಮೊದಲೇ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದ:

‘ಆತ್ಮೀಯ ಪೋಷಕರೇ, ನಾಳೆಯಿಂದ ನಿಮ್ಮ ಮಕ್ಕಳು ಪ್ರತಿದಿನ ಸಂಜೆ ಆರು ಗಂಟೆಯವರೆಗೆ ಕ್ಲಬ್‌ನಲ್ಲಿ ಇರುತ್ತಾರೆ. ದಯವಿಟ್ಟು ಸಹಕರಿಸಿ.’

ಜೊತೆಗೊಂದು ಫೋಟೋ ಇರಲಿ ಎಂದು ಕೈಗೆ ಸಿಕ್ಕಿದ್ದನ್ನು ಅಂಟಿಸಿದ. ಸಿಕ್ಕಿದ್ದು ಗಾಳಿಗೆ ಡ್ರಾಯಿಂಗ್ ಶೀಟು ಹಾರಿಹೋದ ಕ್ಷಣದ್ದು. ಅದರಲ್ಲಿ ಪರಿಸರವೂ ಇರಲಿಲ್ಲ, ಗಣಿತವೂ ಇರಲಿಲ್ಲ. ‘ಕ್ಲಬ್ ಉದ್ಘಾಟನಾ ಸಮಾರಂಭ’ ಎಂಬ ಅಕ್ಷರಗಳ ಕೆಳಗೆ ಹನ್ನೆರಡು ಮಕ್ಕಳು ಗಾಜಿನ ಲೋಟ ಹಿಡಿದು ಹಲ್ಲು ಕಿರಿಯುತ್ತಿದ್ದರು.

ಆ ಊರಿನಲ್ಲಿ ಕ್ಲಬ್ ಎಂದರೆ ಒಂದೇ. ಹಳೇ ರೈಸ್ ಮಿಲ್ಲಿನ ಹಿಂದಿನ ತಗಡಿನ ಕೋಣೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಇಸ್ಪೀಟು ಕಲೆಸುವ ಸದ್ದು ರಸ್ತೆಗೆ ಕೇಳುತ್ತದೆ. ವರ್ಷಕ್ಕೆರಡು ಸಲ ಪೊಲೀಸರು ಬರುತ್ತಾರೆ, ಆಡುತ್ತಿದ್ದವರು ಕಾಂಪೌಂಡು ಹಾರುತ್ತಾರೆ, ಅರ್ಧ ಗಂಟೆಯಲ್ಲಿ ಅದೇ ಕಾಂಪೌಂಡು ಹಾರಿ ವಾಪಸ್ ಬರುತ್ತಾರೆ. ಬೈರೇಶ್ ಹುಟ್ಟಿದ್ದು ಪಕ್ಕದ ಊರಿನಲ್ಲೇ. ಆ ಕೋಣೆಯ ಮುಂದೆಯೇ ದಿನಾ ಬಸ್ ಇಳಿಯುತ್ತಿದ್ದ. ಆದರೂ ಅವನಿಗೆ ಹೊಳೆಯಲಿಲ್ಲ. ಸುತ್ತೋಲೆಯ ಕನ್ನಡವನ್ನು ಹೆಚ್ಚು ಓದಿದರೆ ಹೀಗೇ ಆಗುವುದು.

ಮಂಗಳವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮುಂಚೆಯೇ ಮೋನಿಷಾಳ ಅಜ್ಜಿ ಮುನಿವೆಂಕಟಮ್ಮ ಗೇಟಿನಲ್ಲಿ ನಿಂತಿದ್ದಳು. ಹಿಂದೆ ಇನ್ನೂ ಐದಾರು ಹೆಂಗಸರು.

“ಏನಪ್ಪಾ ಮೇಷ್ಟ್ರೇ, ಮಕ್ಳಿಗೂ ಕ್ಲಬ್ ತೆಗ್ದ್‌ಬಿಟ್ರಂತೆ? ಲೋಟ ಬೇರೆ ಕೊಟ್ಟಿದ್ದೀರ ಕೈಗೆ!”

“ಅಮ್ಮ, ಅದು ಆ ಕ್ಲಬ್ ಅಲ್ಲ. ಅದು ವಿಜ್ಞಾನದ ಲೋಟ...”

“ಯಾವ್ ಬ್ರ್ಯಾಂಡಾದ್ರೇನು? ನಮ್ಮನೇಲಿ ಒಬ್ರು ಹೋಗ್ತಾವ್ರೆ, ಸಾಕು. ಮೂವತ್ತು ವರ್ಷ ಆಯ್ತು. ಮಗಳ್ ಧಾರೆ ಟೈಮಲ್ಲೂ ಕ್ಲಬ್ಬಿಂದ ಎಬ್ಬುಸ್ಕೊಂಡ್ ಬಂದಿದ್ದು. ಎಲೆ ಕೈಲಿ ಹಿಡ್ಕೊಂಡೇ ಧಾರೆ ಎರೆದ ಆ ಯಪ್ಪ. ವೀಳ್ಯದೆಲೆ ಅಲ್ಲ, ಇಸ್ಪೀಟ್ ಎಲೆ!”

ಆ ದಿನ ಸಂಜೆ ನಾಲ್ಕೂವರೆಗೆ ಗಂಟೆ ಬಾರಿಸಿದ್ದೇ ತಡ, ಹನ್ನೆರಡು ಮಕ್ಕಳನ್ನೂ ಹನ್ನೆರಡು ಮನೆಯವರು ಬಂದು ಕೈಹಿಡಿದು ಕರೆದೊಯ್ದರು. ಫಲಿತಾಂಶದ ದಿನವೂ ಬಾರದ ಪೋಷಕರು ಅಂದು ಶೇಕಡಾ ನೂರು ಹಾಜರಿದ್ದರು.

ಬುಧವಾರ ಬೈರೇಶ್ ಮುನಿವೆಂಕಟಮ್ಮನ ಮನೆಗೆ ಹೋದ. ಅವಳೊಬ್ಬಳು ಒಪ್ಪಿದರೆ ಉಳಿದವರು ಒಪ್ಪುತ್ತಾರೆಂದು ಮೋನಿಷಾ ಕಿವಿಯಲ್ಲಿ ಹೇಳಿದ್ದಳು. ಮುದುಕಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಇವನ ಮುಂದೂ ಒಂದು ರಾಶಿ ತಳ್ಳಿದಳು. ಸುಲಿಯುತ್ತಲೇ ವಿವರಿಸಿದ: ಚರ್ಚೆ ಅಂದರೆ ಒಂದು ವಿಷಯಕ್ಕೆ ಒಬ್ಬರು ಬೇಕು ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ.

“ಅದಕ್ಯಾಕಪ್ಪ ಕ್ಲಬ್ಬು? ನಮ್ಮನೇಲಿ ದಿನಾ ನಡೀತದಲ್ಲ.”

“ಇದು ಕ್ರಮವಾಗಿ ನಡೆಯುತ್ತಮ್ಮ. ಗಂಟೆ ಹೊಡೆದ್ರೆ ನಿಲ್ಲಿಸಬೇಕು.”

“ಹಂಗಾದ್ರೆ ಒಳ್ಳೇದೇ,” ಅಂದಳು. ಸ್ವಲ್ಪ ಹೊತ್ತು ಸುಲಿದು ಕೇಳಿದಳು: “ಹೋದ ಜೂನಿಂದ ಇದೆ ಅಂತ ಹುಡುಗಿ ಹೇಳ್ತಾಳೆ. ಇಲ್ಲೀಗಂಟ ಏನ್ ಆಡ್ಸಿದ್ರಿ ಆ ಕ್ಲಬ್‌ಗಳಲ್ಲಿ?”

ಬೈರೇಶ್ ಸುಳ್ಳು ಹೇಳಬಹುದಿತ್ತು. ಅವನ ವರದಿಯಲ್ಲಿ ಇಪ್ಪತ್ತೊಂದು ಚಟುವಟಿಕೆಗಳು ದಿನಾಂಕ ಸಮೇತ ಇದ್ದವು. ಆದರೆ ಅವರೆಕಾಯಿ ಸುಲಿಯುವವನ ಬಾಯಿ ಕೈಯ ಜೊತೆಗೇ ಬಿಚ್ಚಿಕೊಳ್ಳುತ್ತದೆ.

“ಫೋಟೋ ತೆಗೆದ್ವಿ,” ಅಂದ.

“ಆಮೇಲೆ?”

“ಅಷ್ಟೇ.”

ಮುದುಕಿ ಕೈ ನಿಲ್ಲಿಸಿ ಅವನ ಮುಖ ನೋಡಿದಳು. “ಅಂದ್ರೆ ಏಳು ಕ್ಲಬ್ಬು ಬರೀ ಫೋಟೋಗಾ? ಅಲ್ಲಪ್ಪಾ, ನಮ್ಮ ಯಜಮಾನ್ರು ಹೋಗೋ ಕ್ಲಬ್ಬಲ್ಲಿ ಏನಿಲ್ಲ ಅಂದ್ರೂ ಆಟನಾದ್ರೂ ಆಡ್ತಾರೆ.”

ಬೈರೇಶನ ನಾಲ್ಕು ವರ್ಷದ ಸೇವೆಯ ಬಗ್ಗೆ ಯಾರೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಷರಾ ಬರೆದಿರಲಿಲ್ಲ.

ಕೊನೆಗೆ ಮುದುಕಿ ಮೂರು ಷರತ್ತು ಹಾಕಿದಳು. ಕ್ಲಬ್ ಎನ್ನುವ ಹೆಸರು ಇರಕೂಡದು. ಆ ಫ್ಲೆಕ್ಸು ಅವಳ ಕೈಗೆ ಬರಬೇಕು, ಯಾಕೆಂದರೆ ದನದ ಕೊಟ್ಟಿಗೆ ಸೋರುತ್ತಿದೆ. ಮತ್ತು ಮಕ್ಕಳು ಏನು ಮಾತಾಡುತ್ತವೋ ಹೆಂಗಸರು ಕೂತು ಕೇಳುತ್ತಾರೆ. “‘ಮೊಬೈಲ್ ವರವೋ ಶಾಪವೋ’ ಅಂತ ಇಟ್ಟಿದ್ದೀನಿ,” ಎಂದ ಬೈರೇಶನಿಗೆ, “ಅದೆಲ್ಲಾ ಬ್ಯಾಡ, ತೀರ್ಮಾನ ಆಗ್ದೇ ಇರೋದು ಯಾವ್ದಾದ್ರೂ ಇಡಿ,” ಎಂದಳು. ವಿಷಯವನ್ನೂ ಅವಳೇ ಕೊಟ್ಟಳು: ಊರಿಗೆ ಕ್ಲಬ್ ಬೇಕೋ ಬೇಡವೋ.

ಫ್ಲೆಕ್ಸು ಆ ಸಂಜೆಯೇ ಕೊಟ್ಟಿಗೆಯ ಮೇಲೇರಿತು. ಎರಡು ಎಮ್ಮೆಗಳು ‘ಉದ್ಘಾಟನಾ ಸಮಾರಂಭ’ದ ಕೆಳಗೆ ಮೆಲುಕು ಹಾಕತೊಡಗಿದವು.

ಶನಿವಾರ ಹೊಂಗೆ ಮರದ ಕೆಳಗೆ ಹೆಂಗಸರು ಚಾಪೆ ಹಾಸಿಕೊಂಡು ಕೂತರು. ಚೀಟಿ ಎತ್ತಿದಾಗ ಬೇಕು ಎನ್ನುವ ಕಡೆಗೆ ಮೋನಿಷಾ ಬಂದಳು. ಅಜ್ಜಿಯ ಮುಖವನ್ನು ಒಮ್ಮೆ ನೋಡಿ ಶುರುಮಾಡಿದಳು.

“ಕ್ಲಬ್ ಬೇಕು. ನಮ್ಮ ತಾತ ದೊಡ್ಡಮುನಿಯಪ್ಪ ಕ್ಲಬ್‌ಗೆ ಹೋದ್ಮೇಲೆ ನಮ್ಮ ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಅಜ್ಜಿ ಧಾರಾವಾಹಿ ನೋಡ್ತಾರೆ. ತಾತ ಮನೇಲಿದ್ದ ಹಬ್ಬದ ದಿನ ಇಬ್ರೂ ಸೇರಿ ಒಂದು ಒಬ್ಬಟ್ಟಿನ ವಿಷಯಕ್ಕೆ ಸಂಜೆತನಕ ಜಗಳ ಆಡಿದ್ರು. ಆದ್ದರಿಂದ ನನ್ನ ಅಜ್ಜಿಯ ಆರೋಗ್ಯದ ದೃಷ್ಟಿಯಿಂದ...”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. “ಲೇ, ಮನೆಗೆ ಬಾ, ಮಾಡ್ತೀನಿ!” ಎಂದು ಕೂಗಿದ ಮುನಿವೆಂಕಟಮ್ಮನೂ ನಗುತ್ತಿದ್ದಳು.

ಬೇಡ ಎನ್ನುವ ಕಡೆಗೆ ಅಮರ್ ಎದ್ದ. ತರಗತಿಯಲ್ಲಿ ಹಾಜರಿಗೂ ದನಿ ತೆಗೆಯದ ಹುಡುಗ. ಮಾತು ಬರೆದುಕೊಂಡಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟ.

“ಹೋದ ವಾರ ನೆಂಟ್ರು ಬಂದಿದ್ರು. ಮಗ ಎಷ್ಟನೇ ಕ್ಲಾಸು ಅಂತ ನಮ್ಮಪ್ಪನ್ನ ಕೇಳಿದ್ರು. ಎಂಟು ಅಂದ್ರು ನಮ್ಮಪ್ಪ. ನಾನು ಹತ್ತು. ಎಂಟನೇ ಕ್ಲಾಸಿಗೆ ಸೇರ್ಸಕ್ಕೆ ಬಂದಿದ್ರು, ಅದು ನೆನಪೈತೆ ಅವ್ರಿಗೆ. ಆಮೇಲಿಂದು ಕ್ಲಬ್ಬಲ್ಲಿ ಕಳೀತು. ನನ್ ಮಾತು ಇಷ್ಟೇ.”

ಚಾಪೆಯ ತುದಿಯಲ್ಲಿದ್ದ ಅವನ ತಾಯಿ ಮಮತ ನೆಲ ನೋಡುತ್ತಿದ್ದಳು. ಗಂಟೆ ಹೊಡೆಯಬೇಕಿದ್ದ ಬೈರೇಶ್ ಹೊಡೆಯುವುದನ್ನು ಮರೆತ. ಫೋಟೋ ತೆಗೆಯುವುದನ್ನೂ ಮರೆತ. ಸಾಹೇಬರ ಜೀಪು ಬಂದು ನಿಂತದ್ದೂ ಅವನಿಗೆ ತಿಳಿಯಲಿಲ್ಲ.

ಸಾಹೇಬರು ಇಳಿದು, ಫಾರಂ ತೆಗೆದು, ಎದುರಿಗೆ ಸಿಕ್ಕ ಮುನಿವೆಂಕಟಮ್ಮನನ್ನೇ ಕೇಳಿದರು: “ಇದು ಯಾವ ಕ್ಲಬ್ಬಮ್ಮ?”

ಮುದುಕಿ ಎದ್ದು ನಿಂತು ಹೆಮ್ಮೆಯಿಂದ ಹೇಳಿದಳು: “ಇಲ್ಲಿ ಕ್ಲಬ್ಬು ಗಿಬ್ಬು ಯಾವ್ದೂ ಇಲ್ಲ ಸ್ವಾಮಿ. ಇತ್ತಂತೆ ಏಳು. ನಾವೇ ಬಂದು ಮುಚ್ಚಿಸ್ಬಿಟ್ವಿ.”

ಸಾಹೇಬರು ‘ಕ್ಲಬ್‌ಗಳು: ಇಲ್ಲ’ ಎಂದು ಬರೆದರು. ಬೈರೇಶನ ಜೂನ್ ಅವನ ಕಣ್ಣೆದುರೇ ಕಪ್ಪು ಶಾಯಿಯಲ್ಲಿ ಮುಳುಗಿತು.

ಅಷ್ಟರಲ್ಲಿ ಶಾಮಲಾ ಮೇಡಂ ಓಡಿ ಬಂದು ಫೋನ್ ಹಿಡಿದರು. “ಸಾರ್, ಏಳೂ ಇದೆ ಸಾರ್! ನೋಡಿ, ಪರಿಸರ, ವಿಜ್ಞಾನ...”

“ಅಪ್‌ಲೋಡ್ ಆಗಿದ್ಯಾ?”

“ಜೂನ್‌ನಲ್ಲೇ ಆಗಿದೆ ಸಾರ್.”

“ಮತ್ತೆ ಅದನ್ನ ಹೇಳ್ಬೇಕಲ್ವೇನ್ರೀ,” ಎಂದು ಸಾಹೇಬರು ‘ಇಲ್ಲ’ವನ್ನು ಹೊಡೆದುಹಾಕಿ ‘ಏಳು, ಕಾರ್ಯನಿರತ’ ಎಂದು ಬರೆದರು. ಆಮೇಲೆ ಚಾಪೆಗಳ ಕಡೆ ಪೆನ್ನು ತೋರಿಸಿದರು. “ಹಾಗಾದ್ರೆ ಅಲ್ಲಿ ನಡೀತಿರೋದೇನು?”

“ಅದು... ಪೋಷಕರ ಸಭೆ ಸಾರ್.”

“ಫೋಟೋ ಕೊಡಿ.”

ಎಲ್ಲರೂ ಬೈರೇಶನನ್ನು ನೋಡಿದರು. ಬೈರೇಶ್ ತನ್ನ ಫೋನನ್ನು ನೋಡಿದ.

“ತೆಗೆದಿಲ್ಲ ಸಾರ್. ಕೇಳ್ತಾ ಇದ್ದೆ.”

“ಫೋಟೋ ಇಲ್ದೇ ಹೆಂಗ್ರೀ ಬರ್ಕೊಳ್ಳೋದು?” ಎಂದು ಸಾಹೇಬರು ಆ ಕಾಲಂನಲ್ಲಿ ಅಡ್ಡಗೆರೆ ಎಳೆದು, ಎಳನೀರು ಕುಡಿದು, ಜೀಪು ಹತ್ತಿದರು.

ಜೂನ್‌ನಲ್ಲಿ ಬೈರೇಶನ ಫೋನು ರಿಂಗಾಯಿತು. ಶಾಮಲಾ ಮೇಡಂ ಮಾತು ಉಳಿಸಿಕೊಂಡಿದ್ದರು. ಮಾತು ಉಳಿಸಿಕೊಳ್ಳಲು ಕಾರಣವೂ ಇತ್ತು. ಎಂಟನೇ ಕ್ಲಬ್ಬಿನ ಸುತ್ತೋಲೆ ಬಂದಿತ್ತು. ಈ ಸಲದ್ದು ಯೋಗ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಸಂಚಾಲಕ ಅದನ್ನೂ ಒಪ್ಪಿಕೊಂಡ. ಭೀಮರಾಜನಿಗೆ ಹೇಳಿದಾಗ, “ಐದನೇ ವರ್ಷನಾ? ಗುರು, ನಿನ್ನನ್ನ ಮನೆ ಅಳಿಯನ್ನೇ ಮಾಡ್ಕೊಂಡ್‌ಬಿಟ್ರು ಕಣೋ!” ಅಂದ. ಈ ಸಲವೂ ಉತ್ತರ ಹೊಳೆದದ್ದು ಬಸ್ಸು ಹೊರಟ ಮೇಲೆಯೇ.

ಇಷ್ಟರಲ್ಲಿ ಒಂದು ಅಭ್ಯಾಸ ಉಳಿದುಕೊಂಡುಬಿಟ್ಟಿತ್ತು. ಶನಿವಾರ ಮಧ್ಯಾಹ್ನ ಹೆಂಗಸರು ಕೆಲವರು ಚಾಪೆ ಹಿಡಿದು ಬರುತ್ತಿದ್ದರು. ಮಕ್ಕಳು ಏನಾದರೂ ತೀರ್ಮಾನವಾಗದ ವಿಷಯ ಹಿಡಿದು ಕಿತ್ತಾಡುತ್ತಿದ್ದರು. ಹತ್ತು ಪಾಸಾಗಿ ಹೊಸಕೋಟೆ ಕಾಲೇಜಿಗೆ ಸೇರಿದ ಮೋನಿಷಾ ಕೂಡ ಬಸ್ ಇಳಿದವಳು ನೇರ ಅಲ್ಲಿಗೇ ಬರುತ್ತಿದ್ದಳು. ಅದಕ್ಕೆ ಹೆಸರಿರಲಿಲ್ಲ, ರಿಜಿಸ್ಟರಿನಲ್ಲಿ ಜಾಗವೂ ಇರಲಿಲ್ಲ.

ಒಂದು ಶನಿವಾರ ಬೈರೇಶ್ ಫೋನ್ ಎತ್ತಿ ಹಿಡಿದದ್ದನ್ನು ಕಂಡು ಎಂಟನೇ ತರಗತಿಯ ಹೊಸ ಹುಡುಗಿ ಶಿಲ್ಪ, ಆಗಲೇ ಶಾಲೆಯ ಭಾಷೆ ಕಲಿತವಳು, ಕೇಳಿದಳು:

“ಸಾರ್, ಇವತ್ತು ಕ್ಲಬ್ಬಾ, ಇಲ್ಲ ನಿಜವಾಗ್ಲೂನಾ?”

ಬೈರೇಶನಿಗೆ ಯೋಗದ ಫೋಟೋ ಐದು ಗಂಟೆಯೊಳಗೆ ಕಳಿಸಬೇಕಿತ್ತು.

“ಐದ್ ನಿಮಿಷ ಕ್ಲಬ್ಬು,” ಅಂದ. “ಎಲ್ರೂ ಕಣ್ ಮುಚ್ಕೊಳ್ಳಿ. ಆಮೇಲೆ ನಿಜವಾಗ್ಲೂ.”