ಪ್ರಸ್ಥಾನದ ಗಂಟು

ಗಂಟು ಹಾಕುವುದರಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ವ್ಯತ್ಯಾಸವನ್ನು ನೀವು ಗಮನಿಸಿದ್ದೀರೋ ಇಲ್ಲವೋ ನಾನರಿಯೆ. ನಮ್ಮ ಮನೆಯಲ್ಲಂತೂ ಅದು ನಿತ್ಯದರ್ಶನ. ನಾವು ಹಾಕುವ ಗಂಟು, ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಸೌಟು ಇದ್ದಾಗಲೂ ಹಲ್ಲಿನಿಂದ ತುಸು ಎಳೆದರೆ ಬಿಚ್ಚಿಕೊಳ್ಳುವಂಥದು. ಅವರು ಹಾಕುವ ಗಂಟು, ಮುಂದೆ ಎಂದಾದರೂ ಯಾರಾದರೂ ತನ್ನನ್ನು ಬಿಚ್ಚಬೇಕಾದೀತು ಎಂಬ ಸಂಭವವನ್ನೇ ಒಪ್ಪಿಕೊಳ್ಳದಂಥದು. ವೃತ್ತಿಯಿಂದ ವಕೀಲರಾದ ನಮ್ಮ ಯಜಮಾನರು ಬಿಗಿದ ಗಂಟನ್ನು ಮೇಲಿನ ಕೋರ್ಟಿಗೆ ಒಯ್ದರೂ ಇತ್ಯರ್ಥವಾಗದು. ಕಟ್ಟಕಡೆಗೆ ಅಡುಗೆಮನೆಯ ಈಳಿಗೆಯೇ ತೀರ್ಪು ಕೊಡಬೇಕು.

ಗಂಟು ಎಂಬ ಶಬ್ದವೇ ಅಂಥದು. ಹಗ್ಗಕ್ಕೆ ಬಿದ್ದರೆ ತೊಡಕು, ಅರಿವೆಗೆ ಬಿದ್ದರೆ ಬುತ್ತಿ, ಮೋರೆಗೆ ಬಿದ್ದರೆ ಸಿಟ್ಟು, ಹಸೆಮಣೆಯ ಮೇಲೆ ಸೆರಗಿಗೆ ಬಿದ್ದರೆ ಸಂಸಾರ. ಸಂಸಾರದ ಗಂಟು ಬಿದ್ದ ಮೇಲೆ ಉಳಿದ ಗಂಟುಗಳನ್ನೆಲ್ಲ ಕಟ್ಟುವ ಅಧಿಕಾರ ತಾನಾಗಿ ನಮಗೆ ಬರುತ್ತದೆ. ಕಟ್ಟುವವರು ನಾವು, ಹೊತ್ತುಕೊಂಡು ಹೊರಡುವವರು ಅವರು. ಈ ವಿಭಾಗಕ್ರಮವನ್ನು ಯಾರೂ ಕಾಗದದಲ್ಲಿ ಬರೆದಿಲ್ಲವಾದ್ದರಿಂದ ಯಾರೂ ಪ್ರಶ್ನಿಸಿಯೂ ಇಲ್ಲ.

ನಾನು ಬೆಳಗಾವಿಯ ಕಾನ್ವೆಂಟೊಂದರಲ್ಲಿ ಓದಿದವಳು. ಅಲ್ಲಿ ಸನ್ಯಾಸಿನಿಯರು ನಮಗೆ ಮೇಜಿನ ಮೇಲೆ ಚಮಚೆ ಇಡುವ ದಿಕ್ಕನ್ನೂ, ಸೀನುವ ಮರ್ಯಾದೆಯನ್ನೂ ಕಲಿಸಿದಂತೆಯೇ ಹಲವು ಬಗೆಯ ಗಂಟುಗಳನ್ನೂ ಕಲಿಸಿದ್ದರು. ವರ್ಷದ ಕೊನೆಗೆ ಹುಡುಗಿಯರನ್ನು ಕಾಡಂಚಿನ ಬಯಲಿಗೆ ಕರೆದೊಯ್ದು, ಡೇರೆ ಹಾಕಿಸಿ, ಅಲ್ಲಿಯೇ ಮಲಗಿಸುವ ಶಿಬಿರವೊಂದಿತ್ತು. ಗಂಟುಗಳೆಲ್ಲ ಅದರ ಪೂರ್ವಸಿದ್ಧತೆ. ಗಂಟುಗಳಲ್ಲಿ ನಾನು ತರಗತಿಗೇ ಮೊದಲಿಗಳು. ಶಿಬಿರಕ್ಕೆ ಮಾತ್ರ ನಮ್ಮಪ್ಪ ಕಳಿಸಲಿಲ್ಲ. “ಹೆಣ್ಣುಮಕ್ಕಳು ಬಯಲಾಗ ಮಲಗತಾರೇನು?” ಎಂದು ಅವರು ಕೇಳಿದ್ದು ಪ್ರಶ್ನೆಯ ರೂಪದಲ್ಲಿದ್ದರೂ ಪ್ರಶ್ನೆಯಾಗಿರಲಿಲ್ಲ. ಹೀಗಾಗಿ ಡೇರೆಯನ್ನೇ ಕಾಣದ ಡೇರೆಗಂಟುಗಳು ನನ್ನ ಬೆರಳುಗಳಲ್ಲಿ ಉಳಿದುಬಿಟ್ಟವು. ಮುಂದೆ ಗದಗಿಗೆ ಅಂಟಿದ ಬೆಟಗೇರಿಗೆ ಸೊಸೆಯಾಗಿ ಬಂದ ಮೇಲೆ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಅರಿವೆ ಕಟ್ಟುವಾಗ ಅವನ್ನು ಆಗಾಗ ಗಾಳಿಗೆ ಬಿಡುತ್ತಿದ್ದೆ.

ಹಾಗಿರುವಾಗ ರಾಜ್ಯ ಒಂದಾಯಿತು. ಈಗಿನವರಿಗೆ ಆ ಮಾತಿನ ರುಚಿ ಹತ್ತುವುದು ಕಷ್ಟ. ನಮ್ಮತ್ತೆಯವರ ತವರು ಶಿರಹಟ್ಟಿ. ಅವರ ಬಾಲ್ಯದಲ್ಲಿ ಅದೊಂದು ಸಂಸ್ಥಾನದ ಊರು, ಪಕ್ಕದ ಲಕ್ಷ್ಮೇಶ್ವರ ಇನ್ನೊಂದರದು, ಗದಗು ಮುಂಬಯಿ ಸರಕಾರದ್ದು. ಮುಂಡರಗಿಯ ಆಚೆ ಹೊಳೆ ದಾಟಿದರೆ ಮದ್ರಾಸಿನವರು, ಮೂಡಣಕ್ಕೆ ಸರಿದರೆ ನಿಜಾಮನವರು. ಅತ್ತೆಯವರ ಮದುವೆಯ ದಿಬ್ಬಣ ಗದಗಿಗೆ ಬರುವಾಗ ನಾಕಾದ ಸಿಪಾಯಿಯೊಬ್ಬ ಬುಟ್ಟಿಬುಟ್ಟಿಯಲ್ಲೂ ಕೈಯಾಡಿಸಿ, ಉಂಡೆಗಳ ಮೇಲೆ ಸುಂಕವಿಲ್ಲವೆಂಬುದನ್ನು ತಿಂದೇ ಖಾತ್ರಿ ಮಾಡಿಕೊಂಡನಂತೆ. ಅಂಥ ಗೆರೆಗಳೆಲ್ಲ ಅಳಿಸಿಹೋದವೆಂದು ಊರಲ್ಲಿ ಪೇಢೆ ಹಂಚಿದರು. ನಮ್ಮವರಿಗೆ ಪೇಢೆಯಿಂದ ತೃಪ್ತಿಯಾಗಲಿಲ್ಲ.

“ಎಷ್ಟ ದೊಡ್ಡ ರಾಜ್ಯ ಆಗೈತಿ, ಕಣ್ಣಿಲೇ ನೋಡಬೇಕಲಾ!” ಎಂದರು. “ನಾನು, ವೀರಭದ್ರಪ್ಪ ಇಬ್ಬರೂ ಮೋಟಾರ ತಗೊಂಡು ಹೊಂಟೇವಿ. ಲಕ್ಷ್ಮೇಶ್ವರ, ಹಾವೇರಿ, ಹರಿಹರದ ಸೇತುವೆ ದಾಟಿ ಚಿತ್ರದುರ್ಗ, ಅಲ್ಲಿಂದ ಮೈಸೂರು. ಯಾರ ಮನಿಗೂ ಹೋಗಂಗಿಲ್ಲ. ರಸ್ತೇ ಮಗ್ಗಲಕ ತಂಬು ಹೊಡಿಯೂದು, ಅಲ್ಲೇ ಮಲಗೂದು.”

ವೀರಭದ್ರಪ್ಪನವರು ಸರಕಾರಿ ಕಚೇರಿಯ ಗುಮಾಸ್ತರು, ಇವರ ಬಾಲ್ಯಸ್ನೇಹಿತರು. ಮೋಟಾರು ಎಂದು ಇವರು ಗೌರವದಿಂದ ಕರೆದದ್ದು, ಇಳಿಜಾರಿನಲ್ಲಿ ಮಾತ್ರ ಉತ್ಸಾಹ ತೋರುತ್ತಿದ್ದ, ನಿಂತಲ್ಲಿಯೇ ಹೆಚ್ಚು ಶಬ್ದ ಮಾಡುತ್ತಿದ್ದ ನಮ್ಮ ಮುದಿ ಗಾಡಿಯನ್ನು. ತಂಬು ಎಂದ ಡೇರೆ ಹುಬ್ಬಳ್ಳಿಯ ಸಂತೆಯಲ್ಲಿ ಸಿಕ್ಕದ್ದು. ಯಾವುದೋ ಯುದ್ಧವನ್ನು ಕಂಡು ಬಂದಿದ್ದ ಹಸಿರು ಕ್ಯಾನ್ವಾಸು.

ಅಕ್ಕಿ ಹಸನು ಮಾಡುತ್ತ ಕೂತಿದ್ದ ಅತ್ತೆಯವರು ಮೊರದಿಂದ ತಲೆಯೆತ್ತಿದರು. “ಊರಿಗೆ ಪಿಲೇಗ ಬಂದೈತೇನೋ ಶಂಕರಾ?”

“ಪಿಲೇಗ ಯಾಕವಾ?”

“ಮತ್ತ ಮನಿ ಇಟಗೊಂಡು ಬಯಲಾಗ ಯಾಕ ಮಲಗತಿ?”

ಅವರ ಕಾಲದಲ್ಲಿ ಪ್ಲೇಗು ಬಂದಾಗ ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ, ಹೊಲದಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡು ಇರುತ್ತಿತ್ತು. ಇಲಿ ಸತ್ತು ಬೀಳದೆ ಮನೆ ಬಿಡುವುದು ಅವರ ತರ್ಕಕ್ಕೆ ಹೊಂದುವಂತಿರಲಿಲ್ಲ. ನನ್ನ ತರ್ಕದ ಮಾತೇ ಬೇರೆ. ತಂಬು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಎದೆಯಲ್ಲಿ ಏನೋ ಕುಣಿಯಿತು. ಆದರೆ ‘ನಾನೂ ಬರತೀನಿ’ ಎಂಬ ಸರಳವಾಕ್ಯ, ಕಾನ್ವೆಂಟಿನಲ್ಲಿ ಮೂರು ಭಾಷೆ ಕಲಿತವಳಿಗೂ ಯಾವ ಭಾಷೆಯಲ್ಲೂ ಬಾಯಿಗೆ ಬರಲಿಲ್ಲ. ಯಾರಾದರೂ ಬೇಡವೆಂದಿದ್ದರೆ ವಾದಿಸಬಹುದಿತ್ತು. ನಾನು ಹೋಗುವ ಮಾತು ಯಾರಿಗೂ ಹೊಳೆದೇ ಇರದಿದ್ದಾಗ ವಾದಿಸುವುದು ಯಾರೊಡನೆ? ಹೀಗಾಗಿ ನಾನು ಬಾಯಿಂದ ಆಡಲಾರದ್ದನ್ನು ಪೆಟ್ಟಿಗೆಗೆ ತುಂಬತೊಡಗಿದೆ.

ಶೇಂಗಾ ಚಟ್ನಿ, ಕಟಕ ರೊಟ್ಟಿ, ಅವಲಕ್ಕಿ ಎಲ್ಲವನ್ನೂ ಕೊಂಚ ಹೆಚ್ಚಿಗೆಯೇ ಕಟ್ಟಿದೆ. ಊಟದ ಗಂಗಾಳಗಳನ್ನು ಇಡುವಾಗ ಇವರು ಬಂದು ನೋಡಿದರು.

“ನಂದೊಂದು, ವೀರಭದ್ರಪ್ಪಂದೊಂದು. ಈ ಮೂರನೇದು ಯಾರಿಗೆ?”

“ಯಾರರ ಬಂದ್ರ ಇರ್ಲಿ ಅಂತ.”

“ರಸ್ತೇದಾಗ ಯಾರ ಬರತಾರ?” ಎಂದು ನಕ್ಕು ಅದನ್ನು ತೆಗೆದು ನಾಗಂದಿಗೆಯ ಮೇಲಿಟ್ಟರು. ಎದುರು ಪಕ್ಷದ ಸಾಕ್ಷಿಯ ಒಂದು ಕೆಮ್ಮಿನಿಂದ ಇಡೀ ಮೊಕದ್ದಮೆಯನ್ನೇ ಊಹಿಸಬಲ್ಲ ವಕೀಲರು! ಅತ್ತೆಯವರ ಮೊರ ಮಾತ್ರ ಒಂದು ಕ್ಷಣ ನಿಂತು, ಮತ್ತೆ ಸಪ್ಪಳ ಮಾಡಿತು.

ತಂಬಿನ ತಾಲೀಮು ಹಿತ್ತಲಲ್ಲಿ ನಡೆಯಿತು. ಸ್ನೇಹಿತರಿಬ್ಬರೂ ಧೋತರದ ಕಚ್ಚೆ ಏರಿಸಿ, ಗೂಟ ಬಡಿದು, ಕಂಬ ನಿಲ್ಲಿಸಿ, ಹಗ್ಗ ಎಳೆದರು. ತಂಬು ಎದ್ದಿತು, ಸುತ್ತ ನೋಡಿತು, ಇವರ ಮೇಲೆಯೇ ಕೂತುಬಿಟ್ಟಿತು. ಕ್ಯಾನ್ವಾಸಿನ ಒಳಗಿಂದ “ಎಡಕ್ಕ ಎಳಿಯೋ!” “ಯಾರ ಎಡಕ್ಕೋ?” ಎಂಬ ಉಭಯಪಕ್ಷಗಳ ವಾದ ಕೇಳುತ್ತಿತ್ತು. ಇವರ ಗಂಟುಗಳು ಬಿಚ್ಚಬೇಕಾದಲ್ಲಿ ಬಿಚ್ಚದೆ, ಹಿಡಿಯಬೇಕಾದಲ್ಲಿ ಹಿಡಿಯದೆ ಮೊಂಡು ಮಾಡಿದವು. ನಾನು ಸೆರಗು ಸಿಕ್ಕಿಸಿಕೊಂಡು ಮೂಲೆಯ ಹಗ್ಗಕ್ಕೆ ನನ್ನ ಹಳೆಯ ಗಂಟೊಂದನ್ನು ಹಾಕಿದೆ. ತಂಬು ನೆಟ್ಟಗೆ ನಿಂತಿತು. “ನೋಡಿದ್ಯಾ, ಕಡೀಕ ನಿಲ್ಲಿಸಿದ್ವಿ!” ಎಂದು ಇವರು ವೀರಭದ್ರಪ್ಪನವರ ಬೆನ್ನು ತಟ್ಟಿದರು.

ಮಧ್ಯಾಹ್ನ ಮಗಳು ಶಾಲೆಗೆ ಹೋಗಿ, ಓಣಿಯ ಮಗ್ಗಗಳ ಸದ್ದೂ ತೂಕಡಿಸುವ ಹೊತ್ತಿನಲ್ಲಿ ಅತ್ತೆಯವರನ್ನು ಕಾಣದೆ ಹುಡುಕಿದರೆ, ಅವರು ತಂಬಿನೊಳಗೆ ಕಾಲು ಚಾಚಿ ಕೂತಿದ್ದರು. ಮಜ್ಜಿಗೆ ಒಯ್ದು ಕೊಟ್ಟು ನಾನೂ ಕೂತೆ.

“ಪಿಲೇಗಿನ್ಯಾಗ ಭಾಳ ಅಂಜಿಕಿ ಆಗಿರಬೇಕಲ್ರಿ ಅತ್ತಿ?” ಎಂದೆ.

“ಅಂಜಿಕಿ ದೊಡ್ಡವ್ರಿಗೆ ಇತ್ತು,” ಎಂದರು. “ನಾ ಆಗಷ್ಟ ಗಂಡನ ಮನಿಗೆ ನಡಿಲಿಕ್ಕೆ ಬಂದಿದ್ದೆ. ಗುಡಿಸಲಾಗ ನಡುಮನಿ ಎಲ್ಲಿ, ಪಡಸಾಲಿ ಎಲ್ಲಿ? ಯಾರ ಮುಂದ ನಿಂದರಬೇಕು, ಯಾರ ಹಿಂದ ನಿಂದರಬೇಕು ಅನ್ನೂದ ಯಾರಿಗೂ ತಿಳೀಲಿಲ್ಲ. ಎಲ್ಲಾ ಹೆಂಗಸ್ರೂ ಒಂದ ಒಲಿ ಮುಂದ ಕುಂತು ಕೂಗಿ ಮಾತಾಡತಿದ್ವಿ. ನಮ್ಮತ್ತಿ ನಕ್ಕಿದ್ದು ನಾ ಅಲ್ಲೇ ಮೊದಲ ನೋಡಿದ್ದು.” ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಸೇರಿಸಿದರು: “ಪಿಲೇಗ ಹೋತು, ಮನಿಗೆ ಬರ್ರಿ ಅಂತ ಡಂಗುರಾ ಹೊಡೆದ್ರು. ಎಲ್ಲಾರೂ ಸಕ್ಕರಿ ಹಂಚಿದ್ರು. ನಾ ಒಬ್ಬಾಕಿ ಕಣ್ಣೀರ ಹಾಕಿದೆ. ಯಾಕ ಅಂತ ಯಾರಿಗೂ ಹೇಳಲಿಲ್ಲ ನೋಡವಾ.”

ಲೋಟ ಈಚೆಗಿಟ್ಟು ನಾನೂ ಅವರಂತೆ ಕಾಲು ಚಾಚಿ ಕೂತೆ.

ಹೊರಡುವುದಕ್ಕೆ ಪಂಚಾಂಗದಲ್ಲಿ ಸೋಮವಾರ ಒಳ್ಳೆಯದಿತ್ತು. ಅಂದು ಮೋಟಾರಿನ ಕರುಳೆಲ್ಲ ಮಿಸ್ತ್ರಿಯ ಅಂಗಳದಲ್ಲಿ ಹರಡಿಕೊಂಡಿತ್ತು. ಇಂಥ ಬಿಕ್ಕಟ್ಟಿಗೆ ನಮ್ಮ ಹಿರಿಯರು ಸೊಗಸಾದ ಉಪಾಯವೊಂದನ್ನು ಮಾಡಿಟ್ಟಿದ್ದಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೋಗುವವರ ಅರಿವೆಯೊಂದನ್ನು ಅಕ್ಕಿ, ಅಡಿಕೆ, ಅರಿಶಿನಕೊಂಬಿನ ಜೊತೆ ಗಂಟು ಕಟ್ಟಿ, ಒಳ್ಳೆಯ ಗಳಿಗೆಯಲ್ಲಿ ಹೊಸ್ತಿಲು ದಾಟಿಸಿ, ಹೋಗುವ ದಿಕ್ಕಿನ ಮನೆಯೊಂದರಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆರಂಭವಾದಂತೆಯೇ. ಮನುಷ್ಯ ಆಮೇಲೆ ಅನುಕೂಲ ನೋಡಿಕೊಂಡು ಹೊರಟು, ಗಂಟನ್ನು ಕೂಡಿಕೊಳ್ಳಬಹುದು. ಕಟ್ಟಳೆ ಒಂದೇ: ಗಂಟು ಮರಳಿ ಮನೆಗೆ ಬರಬಾರದು. ಅದೇನಿದ್ದರೂ ಪ್ರಯಾಣ ಮುಗಿಸಿಯೇ ಬರಬೇಕು. ಅತ್ತೆಯವರು ತಾವೇ ಗಂಟು ಕಟ್ಟಿ, ಬಿಳಿಯ ಪಂಚೆಯೊಂದನ್ನು ಮೇಲೆ ಮುಚ್ಚಿ, ಎದುರುಮನೆಯ ನೀಲವ್ವ ಕಾಕಿಯ ದೇವರ ಮಾಡದಲ್ಲಿ ಇಟ್ಟು ಬಂದರು.

ಆದರೆ ರಾಜ್ಯಗಳು ಒಂದಾದಾಗ ಕಚೇರಿಗಳೂ ಒಂದಾಗಬೇಕಷ್ಟೆ. ವೀರಭದ್ರಪ್ಪನವರಿಗೆ ಕೂಡಲೇ ಬೆಂಗಳೂರಿನಲ್ಲಿ ಹಾಜರಾಗಲು ತಾರು ಬಂತು. “ರಾಜ್ಯ ನೋಡಾಕ ಹೊಂಟಿದ್ದೆ, ರಾಜ್ಯನ ನನ್ನ ನೋಡಾಕ ಕರದೈತಿ,” ಎಂದು ಅವರು ರೈಲು ಹತ್ತಿದರು. ನಮ್ಮವರ ಮುಖ ಗಾಳಿ ಹೋದ ಟಯರಿನಂತಾಯಿತು. ಮೂರನೆಯ ದಿನ ಹೇಳಿದರು: “ಒಬ್ಬಾಂವ ಹೋಗಿ ಏನ ಮಾಡ್ಲಿ? ಬ್ಯಾಸಗಿಗೆ ನೋಡಿದ್ರಾತು. ಆ ಗಂಟರ ತಗೊಂಡ ಬರತೀನಿ.”

ನಾನು ಒಲೆಯ ಕಡೆ ತಿರುಗಿದೆ. ರೊಟ್ಟಿ ಹೊತ್ತುತ್ತಿರಲಿಲ್ಲ, ಆದರೂ ಮಗುಚಿಹಾಕಿದೆ. ನನ್ನದಾಗಿರದ ಪ್ರಯಾಣವೊಂದು ನಿಂತುಹೋದದ್ದಕ್ಕೆ ನಾನೇಕೆ ಕಣ್ಣೊರೆಸಿಕೊಳ್ಳಬೇಕೆಂದು ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಓಣಿಯಲ್ಲಿ ನೀಲವ್ವ ಕಾಕಿಯ ದನಿ ಏರಿತು. ನಾನೂ ಅತ್ತೆಯವರೂ ಬಾಗಿಲಿಗೆ ಬಂದೆವು. ಕಾಕಿ ತಮ್ಮ ಹೊಸ್ತಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಿದ್ದರು.

“ಗಂಟು ತಗೊಂಡು ಮುಂದಕ್ಕ ಹೋಗೂದಿದ್ರ ಕೊಡತೀನಿ ವಕೀಲಪ್ಪಾ. ಹಿಂದಕ್ಕ ಒಯ್ಯೂದಿದ್ರ ಕೊಡಂಗಿಲ್ಲ. ನಿಂದೊಬ್ಬಂದ ಆಗಿದ್ರ ಹಾಳಾಗಿ ಹೋಗ್ಲಿ ಅಂತಿದ್ದೆ. ಸೊಸೀದೂ ಐತಿ ಅದರಾಗ.”

“ಯಾರ ಸೊಸೀದು?”

“ನಿಮ್ಮನಿ ಸುಶೀಲಾಂದು! ಊರಿಗೆ ಎಷ್ಟ ಮಂದಿ ಸುಶೀಲಾ ಅದಾರೋ?”

ಕಾಕಿ ಗಂಟನ್ನು ತಂದು ಪಂಚೆ ಸರಿಸಿ ತೋರಿಸಿದರು. ಇವರ ಶಾಲು ಒಳಗಿತ್ತು. ಅದನ್ನು ಸುತ್ತಿ ಕಟ್ಟಿದ್ದು ನನ್ನ ನೇರಳೆ ಬಣ್ಣದ ಸೀರೆ. ಇವರು ತಾಯಿಯ ಕಡೆ ತಿರುಗಿದರು.

“ಯವ್ವಾ, ಇದೇನ ಮಾಡೀದಿ?”

“ಶಾಲು ಕಟ್ಟಾಕ ಒಂದ ಅರಿವಿ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ತಗೊಂಡೆ. ನನ್ನ ಕಣ್ಣ ಮದಲಿನಂಗ ಅದಾವೇನು?”

“ಆತು ಬಿಡು. ಗಂಟಿನ ಒಳಗ ಏನೈತಿ ಅನ್ನೂದು ಮುಖ್ಯ, ಯಾತರಾಗ ಕಟ್ಟೀವಿ ಅನ್ನೂದಲ್ಲ. ಲಕೋಟಿ ಎಂದಾದರೂ ಪತ್ರ ಆಕ್ಕೈತೇನು?”

“ಅದನ್ನ ನಿನ್ನ ಕೋರ್ಟಿನ್ಯಾಗ ಹೇಳು. ಸೀರಿ ಹೊಸ್ತಲಾ ದಾಟೇತೋ ಇಲ್ಲೋ?”

“ದಾಟೇತಿ,” ಎಂದರು ನೀಲವ್ವ ಕಾಕಿ. “ನಾನ ಸಾಕ್ಷಿ.”

“ಸೀರಿ ದಾಟಿತಂದ್ರ ಸೀರಿ ಉಡಾಕಿನೂ ದಾಟಿದಂಗ. ಹೊಂಟ ಹೆಣ್ಣಮಗಳನ್ನ ನಡುದಾರ್ಯಾಗ ತಿರುಗಿಸಿ ಮನಿ ತುಂಬಿಸ್ಕೊಳ್ಳಾಕ ನನಗ ಧೈರ್ಯ ಇಲ್ಲಪಾ. ಮೊಮ್ಮಗಳು ನನ್ನ ಕಡೆ ಇರ್ತಾಳ, ಆಕಿಗೆ ಸಾಲಿ ಐತಿ. ಇಬ್ರೂ ಹೋಗಿ ಬರ್ರಿ.”

ನಮ್ಮವರು ಓಣಿಯ ಎರಡೂ ತುದಿಗಳಲ್ಲಿ ಮೇಲ್ಮನವಿಯ ದಾರಿ ಹುಡುಕಿದರು. ಆಮೇಲೆ ನನ್ನತ್ತ ನೋಡಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ನೋಡಿದರೆಂದೇ ಹೇಳಬೇಕು. “ನೀ ಬರತಿಯೇನು?” ಎಂದು ಕೇಳಿದರು. ಅವರ ದನಿಯಲ್ಲಿ ಸೋಲಿಗಿಂತ ಸಂಕೋಚವೇ ಹೆಚ್ಚಿತ್ತು.

“ಬರತೀನ್ರಿ,” ಎಂದೆ. ನೋಡಿ, ಎಷ್ಟು ಸಣ್ಣ ಮಾತು!

ಓದುಗ ಮಹಾಶಯರೇ, ಕೈಗೆ ಸಿಕ್ಕಿದ್ದೆಂದು ಅತ್ತೆಯವರು ಹೇಳಿದ ಆ ಸೀರೆ ಇದ್ದದ್ದು ನನ್ನ ಟ್ರಂಕಿನ ತಳದಲ್ಲಿ. ಅದರ ಮೇಲೆ ಕಂಬಳಿಗಳು, ಕಂಬಳಿಗಳ ಮೇಲೆ ಮಗಳು ಕೂಸಾಗಿದ್ದಾಗಿನ ಕುಲಾಯಿ ಟೊಪ್ಪಿಗೆಗಳು. ಟ್ರಂಕಿನ ಚಿಲಕವೋ, ಪಕ್ಕದಿಂದ ಗುದ್ದದೆ ತೆರೆಯುವಂಥದಲ್ಲ. ಮಂದವಾದವೆಂದು ಅವರು ದೂರಿದ ಕಣ್ಣುಗಳು, ಅಕ್ಕಿಯಲ್ಲಿ ಅಕ್ಕಿಯ ಬಣ್ಣದ್ದೇ ಹರಳನ್ನು ಹೆಕ್ಕುವಂಥವು. ಆದರೆ ಒಳ್ಳೆಯ ತೀರ್ಪಿನ ಕಾರಣಗಳನ್ನು ಕೆದಕಬಾರದೆಂಬಷ್ಟು ಕಾನೂನು, ವಕೀಲರ ಮನೆಯಲ್ಲಿದ್ದು ನಾನೂ ಕಲಿತಿದ್ದೇನೆ.

ಪ್ರಸ್ಥಾನದ ಸೊಗಸು ನನಗೆ ಹೊಳೆದದ್ದು ಆಗ. ನಾವು ಹೊರಡುವ ಮೊದಲೇ ನಮ್ಮದೊಂದು ತುಣುಕು ಹೊಸ್ತಿಲಾಚೆ ಹೋಗಿ ಕಾಯುತ್ತಿರುತ್ತದೆ. ಆಮೇಲೆ ನಾವು ಅದರ ಮಾತು ಉಳಿಸಬೇಕಾಗುತ್ತದೆ. ರಾಜ್ಯ ಒಂದಾದದ್ದೂ ಹಾಗೆಯೇ ಇರಬಹುದು. ನಕಾಶೆಯ ಮೇಲೆ ಗಂಟು ಇಟ್ಟು ಆಗಿತ್ತು. ಜನ ಇನ್ನೂ ನಡೆದು ಹೋಗಿ ಒಬ್ಬರನ್ನೊಬ್ಬರು ಕೂಡಿಕೊಳ್ಳಬೇಕಾಗಿತ್ತು.

ಹೊರಟ ಮುಂಜಾನೆ ನೀಲವ್ವ ಕಾಕಿ ಗಂಟನ್ನು ನನ್ನ ಮಡಿಲಿಗೇ ಹಾಕಿದರು. ಮೋಟಾರು ಕೆಮ್ಮಿತು, ನಡುಗಿತು, ಮನಸ್ಸು ಮಾಡಿತು. ಮೊಮ್ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, ಗಾಡಿ ಇನ್ನೇನು ಉರುಳಬೇಕೆನ್ನುವಷ್ಟರಲ್ಲಿ, ಬಯಲಿನಲ್ಲಿ ಒಲೆಯ ಮುಂದೆ ಕೂತವರಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದರು:

“ಸುಶೀಲಾ, ತಂಬಿನ್ಯಾಗ ಮಲಗೂಮುಂದ ತಲಿ ಹೊರಗ ಹಾಕ್ಕೋ! ಮ್ಯಾಲ ತಂಬಿನ ಅರಿವಿ ನೋಡಕೋತ ಮಲಗೂದಾಗಿದ್ರ ಅಷ್ಟ ದೂರ ಯಾಕ ಹೋಗಬೇಕು?”