ಬಾಗಿಲಲ್ಲಿ ಒಂದು ತಂಬಿಗೆ ನೀರು

ಅಮರೇಶಪ್ಪನವರಿಗೆ ಮೀನು ತಿಂದು ಗೊತ್ತಿಲ್ಲ, ಹಿಡಿಯದೆ ಇದ್ದೂ ಗೊತ್ತಿಲ್ಲ. ಲಿಂಗಸೂಗೂರಿನ ಲಿಂಗಾಯತರ ಮನೆಯಲ್ಲಿ ಹುಟ್ಟಿದ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ ಆ ಶಿವನೇ ಬಲ್ಲ. ತೆಲುಗು ಸೀಮೆಯ ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಲ್ಲಿ ಕೂದಲೆಳೆಯಂಥ ತಂತಿ ಬೆಸೆಯುತ್ತ ಮೂವತ್ತು ವರ್ಷ ಕಳೆದರು. ವಾರವಿಡೀ ಕಣ್ಣು ಕಿರಿದು ಮಾಡಿಕೊಂಡು ಕೂತವರಿಗೆ ಭಾನುವಾರ ಕೃಷ್ಣೆಯ ದಂಡೆಯಲ್ಲಿ ಕಣ್ಣು ಅಗಲವಾಗುತ್ತಿತ್ತು. ಗದ್ವಾಲದ ಬಸ್ಸು ಹತ್ತಿ, ಸೇತುವೆಯ ಬಳಿ ಇಳಿದು, ಬಂಡೆಗಳ ನಡುವೆ ನೀರು ಸೆಳೆಯುವಲ್ಲಿ ಗಾಳ ಹಾಕಿ ಕೂತರೆ ಯಾರ ಹಂಗೂ ಇಲ್ಲ. ಅವರಿಗೆ ಬೇಕಾದದ್ದು ಒಂದೇ ಮೀನು: ತುಟಿಯ ಪಕ್ಕ ಮೀಸೆ, ಮೈತುಂಬ ಹೊಳೆಯುವ ಅಗಲ ಹುರುಪೆ, ಹರಿವಿಗೆ ಎದುರಾಗಿ ಈಜುವ ಮಹಶೀರ್. ಸಿಕ್ಕಿದ್ದನ್ನು ನೀರಲ್ಲೇ ಹಿಡಿದು, ಕೊಕ್ಕೆ ಬಿಡಿಸಿ, ಬಿಟ್ಟುಬಿಡುತ್ತಿದ್ದರು. ಅದಕ್ಕೆ ನೋವಾಗಬಾರದೆಂದು ಕೊಕ್ಕೆಯ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮೊದಲೇ ಚಪ್ಪಟೆ ಮಾಡಿರುತ್ತಿದ್ದರು.

ಬಿಟ್ಟು ಬಂದೆ ಎಂದರೆ ಹೆಂಡತಿ ಸುಭದ್ರಮ್ಮ ನಂಬುತ್ತಿರಲಿಲ್ಲ. ಹಿಡಿದದ್ದನ್ನು ಬಿಡಲು ಯಾರಾದರೂ ಅಷ್ಟು ದೂರ ಹೋಗುತ್ತಾರೆಯೇ? ದಂಡೆಯಲ್ಲೇ ಸುಟ್ಟು ತಿಂದು ಬರುತ್ತಾರೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಜಗಳವಾಡಲಿಲ್ಲ. ಗಂಡ ಮರಳಿದಾಗಲೆಲ್ಲ ಬಾಗಿಲಲ್ಲೇ ಒಂದು ತಂಬಿಗೆ ನೀರು ಹಿಡಿದು ನಿಂತು, "ಬಾಯಿ ಮುಕ್ಕಳಿಸಿ ಒಳಗ ಬರ್ರಿ" ಅನ್ನುತ್ತಿದ್ದರು, ಅಷ್ಟೆ. ಲಿಂಗ ಕಟ್ಟಿಕೊಂಡವನ ಬಾಯಿಯ ಮೇಲೆ ಈ ಅನುಮಾನ ಅಮರೇಶಪ್ಪನವರಿಗೆ ಪ್ರತಿ ಸಲ ಎದೆಗೆ ಚುಚ್ಚುತ್ತಿತ್ತು. ಆದರೂ ಆಣೆ ಪ್ರಮಾಣಕ್ಕೆ ಹೋಗದೆ, ಮುಕ್ಕಳಿಸಿ ಒಳಗೆ ಹೋಗುತ್ತಿದ್ದರು.

ನಿವೃತ್ತಿಯಾದ ಮೇಲೆ ಕೈ ನಡುಗಲು ಶುರುವಾಯಿತು. ಚಹಾದ ಕಪ್ಪು ಬಸಿಯ ಮೇಲೆ ಗಲಗಲ ಅನ್ನತೊಡಗಿದಾಗ, ಇನ್ನೊಂದೇ ಸಲ ಹೋಗಿಬಂದು ಗಾಳದ ಕೋಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರು. ಒಬ್ಬರನ್ನೇ ಕಳಿಸಲು ಸುಭದ್ರಮ್ಮನಿಗೆ ಧೈರ್ಯವಾಗಲಿಲ್ಲ. ಬುತ್ತಿ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ತಾವೂ ಬಸ್ಸು ಹತ್ತಿದರು. ಇವತ್ತು ಒಂದಾದರೂ ಸಿಗಲೇಬೇಕು, ಇವಳ ಕಣ್ಣೆದುರೇ ಅದನ್ನು ಬಿಡಬೇಕು. ದಾರಿಯುದ್ದಕ್ಕೂ ಅಮರೇಶಪ್ಪನವರ ತಲೆಯಲ್ಲಿ ಇದೊಂದೇ.

ಮಧ್ಯಾಹ್ನವಾದರೂ ಒಂದೂ ಮುಟ್ಟಲಿಲ್ಲ. ಜೋಳದ ಹಿಟ್ಟಿಗೆ ಸೇಂಗಾ ಹಿಂಡಿ ಬೆರೆಸಿ ಮಾಡಿ ಕೊಕ್ಕೆಗೆ ಚುಚ್ಚಿದ ಉಂಡೆ ನೀರಿಗೆ ಬಿದ್ದೊಡನೆ ಕರಗುತ್ತಿತ್ತು. ನಡುಗುವ ಕೈಯಲ್ಲಿ ನಾದುವ ಕಸುವೇ ಉಳಿದಿರಲಿಲ್ಲ. ಜೀವಮಾನವೆಲ್ಲ ರೊಟ್ಟಿ ಬಡಿದ ಸುಭದ್ರಮ್ಮ ಎಷ್ಟು ಹೊತ್ತು ಸುಮ್ಮನೆ ನೋಡಿಯಾರು?

"ಕೊಡ್ರಿ ಇಲ್ಲೆ. ತಣ್ಣೀರಾಗ ನಾದಿದ್ರ ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು?"

ಒಣ ಹಿಟ್ಟಿಗೆ ಫ್ಲಾಸ್ಕಿನ ಬಿಸಿನೀರು ಸುರಿದು, ಬಂಡೆಯ ಮೇಲೆ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿದರು. ಆ ಉಂಡೆ ಸೆಳವಿನಲ್ಲೂ ಕರಗಲಿಲ್ಲ. ಮೂರನೆಯ ಸಲಕ್ಕೆ ದಾರ ಜಗ್ಗಿತು.

ಜಗ್ಗಾಡಿ ಜಗ್ಗಾಡಿ ಮೀನು ಮೊಣಕಾಲುದ್ದದ ನೀರಿಗೆ ಬಂತು. ಕೊಕ್ಕೆ ಬಿಡಿಸಲು ಹೋದರೆ ಬೆರಳು ಮಾತು ಕೇಳಲಿಲ್ಲ. ಎರಡು ಸಲ ಜಾರಿತು. ಮೀನು ಸುಸ್ತಾಗಿ ಮಗ್ಗುಲಾಯಿತು. ಇದು ಇಲ್ಲೇ ಸತ್ತರೆ ಮೂವತ್ತು ವರ್ಷದ ಮಾತು ಸುಳ್ಳೇ ಆಗುತ್ತದೆಂದು ಅಮರೇಶಪ್ಪನವರು ಹೆಂಡತಿಯತ್ತ ತಿರುಗಿದರು.

"ಸುಭದ್ರಾ, ನೀನ ಬಿಡಸಬೇಕು. ಇದು ಸತ್ರ ನಾ ತಡಕೊಳ್ಳಂಗಿಲ್ಲ."

ಹುಟ್ಟಿದಾರಭ್ಯ ಮೀನು ಮುಟ್ಟದ ಕೈ. ಒಂದು ಗಳಿಗೆ ಹಿಂಜರಿದರು, ಆಮೇಲೆ ಸೆರಗು ಸಿಕ್ಕಿಸಿ ನೀರಿಗಿಳಿದರು. ಮುಳ್ಳಿಲ್ಲದ ಕೊಕ್ಕೆ ಸಲೀಸಾಗಿ ಬಂತು. ಸುಭದ್ರಮ್ಮ ಅದರ ಚಪ್ಪಟೆ ಮಾಡಿದ ಮುಳ್ಳನ್ನು ಹೊರಳಿಸಿ ನೋಡಿ, ಗಂಡನ ಮುಖ ನೋಡಿದರು. ಗಂಡ ಹೇಳಿದಂತೆ ಮೀನಿನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು, ಅದರ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು ನಿಂತರು. ಅದು ನಿಧಾನಕ್ಕೆ ಉಸಿರು ಕೂಡಿಸಿಕೊಂಡು, ಬಾಲ ಬೀಸಿ ಹೋಯಿತು. ಅಮರೇಶಪ್ಪನವರು ಅಳುತ್ತಿದ್ದರು. ಬಸ್ಸಿನಲ್ಲಿ ಗಂಡನ ಕೈ ಸುಭದ್ರಮ್ಮನ ಮಡಿಲಲ್ಲಿತ್ತು.

ಮನೆ ಮುಟ್ಟಿದೊಡನೆ ಸುಭದ್ರಮ್ಮ ಮುಂದಾಗಿ ಒಳಗೆ ಹೋಗಿ ತಂಬಿಗೆ ತುಂಬಿ ತಂದರು. ಅಮರೇಶಪ್ಪನವರು ರೂಢಿಯಂತೆ ಬಾಯಿಗೆ ನೀರು ಹಾಕಿಕೊಂಡು, ಉಗುಳಲು ಮೋರಿಯತ್ತ ಬಾಗಿದರು. ಸುಭದ್ರಮ್ಮ ಅವರ ಭುಜ ಹಿಡಿದು ನಿಲ್ಲಿಸಿದರು.

"ಉಗುಳಬ್ಯಾಡ್ರಿ. ಕುಡೀರಿ."