ಮಾಯಮ್ಮನ ಅಳತೆಯ ಹುಟ್ಟು

ಹಲಗೂರಿನ ಬಸ್ ಸ್ಟಾಂಡಿನಲ್ಲಿ ಹೂ ಮಾರುವ ಮಾಯಮ್ಮನ ಮುಂದೆ ಯಾರೂ ಮೊಳದ ಬಗ್ಗೆ ತಕರಾರು ಎತ್ತುವಂತಿಲ್ಲ. ಎತ್ತಿದರೋ, ಕೆಟ್ಟರು. ಕೈಯಲ್ಲಿದ್ದ ಹೂ ವಾಪಸು ಕಿತ್ತುಕೊಂಡು, "ಓಗಿ, ಉದ್ದ ಕೈಯೋರ ತಾವು ತಗಳಿ" ಎಂದು ಕಳಿಸಿಬಿಡುತ್ತಾಳೆ. ಆ ಮೊಳ ಹಾಕಿಯೇ ಮಗಳು ಅಮೃತಳನ್ನು ಓದಿಸಿದವಳು; ಸುಮ್ಮನೆ ಬಂದ ಗತ್ತಲ್ಲ.

ಅಮೃತ ಈಗ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ರಜೆ ಬಂತೆಂದರೆ ಕಯಾಕ್ ಎಂಬ ಸಪೂರ ದೋಣಿಯಲ್ಲಿ ಕೂತು, ಎರಡು ತುದಿಗೂ ಅಲಗಿರುವ ಹುಟ್ಟು ಹಾಕುತ್ತಾಳೆ. ಈ ವರ್ಷ ಭುಜ ಹಿಡಿದುಕೊಂಡು, ಹೋದ ಪಂದ್ಯಗಳನ್ನೆಲ್ಲ ಅರ್ಧಕ್ಕೇ ಬಿಟ್ಟಿದ್ದಳು.

"ಮಳವಳ್ಳಿ ಕೆರೆ ಪಂದ್ಯನೂ ಮುಗಿಸಕ್ಕಾಗ್ನಿಲ್ಲ ಅಂದ್ರೆ ದೋಣಿ ಮಾರ್ಬುಡ್ತೀನಿ ಕಣವ್ವ" ಎಂದಳು.

ಉಳಿದದ್ದು ಒಂದೇ ಉಪಾಯ, ಹಿಮದ ನಾಡಿನ ಇನುಯಿಟ್ ಜನರ ಹುಟ್ಟು. ಈಗಿನ ಫೈಬರ್ ಹುಟ್ಟಿನ ಅಲಗು ಸೌಟಿನ ಹಾಗೆ ಅಗಲ. ಒಂದೇ ಎಳೆತಕ್ಕೆ ದೋಣಿ ಜಿಗಿಯುತ್ತದೆ ನಿಜ, ಆದರೆ ಭಾರವೆಲ್ಲ ಭುಜಕ್ಕೆ. ಗಾಳಿ ಬಂದರೆ ಮೇಲೆದ್ದ ಅಲಗನ್ನೇ ಹಿಡಿದು ಜಗ್ಗುತ್ತದೆ. ಇನುಯಿಟರದು ಮರದ್ದು, ಅಲಗು ಅಂಗೈಯಲ್ಲಿ ಹಿಡಿಯುವಷ್ಟೇ ಅಗಲ, ಎಳೆತ ಮೆತ್ತಗೆ, ದಿನವಿಡೀ ಹಾಕಿದರೂ ಮೈ ನೋಯದು. ಅದನ್ನು ಹಾಕುವವರ ಮೈ ಅಳತೆಗೇ ಕೆತ್ತಬೇಕು: ಚಾಚಿದ ತೋಳುಗಳ ಒಂದು ಮಾರು, ಮೇಲೊಂದು ಮೊಳ.

ಅಮೃತ ಶಾಲೆಯಿಂದ ಫೋನು ಮಾಡಿ, "ಬಡಗಿ ಅಂಕಯ್ಯಂಗೆ ಏಳವ್ವ, ಒಂದ್ ಮಾರು ಒಂದ್ ಮೊಳ" ಎಂದಳು. ಮಾಯಮ್ಮ ಹೋದವಳೇ ಅಂಕಯ್ಯನ ಹೆಬ್ಬೇವಿನ ಹಲಗೆಯ ಮೇಲೆ ತನ್ನದೇ ತೋಳು ಚಾಚಿದಳು. ಮತ್ತೆ? ಕೊಳ್ಳುವವರ ಕೈಯಲ್ಲಿ ಹೂ ಅಳೆದದ್ದನ್ನು ಯಾರಾದರೂ ಕಂಡಿದ್ದಾರಾ?

ಮಗಳೋ ತಾಯಿಗಿಂತ ಒಂದು ತಲೆ ಎತ್ತರ. ಹುಟ್ಟು ಹಿಡಿದು ನೋಡಿದವಳು, "ನಿನ್ ಮೊಳ ಗಿಡ್ಡ ಕಣವ್ವ" ಎಂದುಬಿಟ್ಟಳು.

ಯಾವ ಗಿರಾಕಿಗೂ ಅನ್ನಲು ಬಿಡದ ಮಾತು. ಮಾಯಮ್ಮ ಆ ದಿನ ಹೂ ಕಟ್ಟಲಿಲ್ಲ. ಮಗಳ ದೋಣಿಯನ್ನು ತಾನೇ ಮುಳುಗಿಸಿದೆನೆಂದು ಮೂಲೆ ಹಿಡಿದು ಕೂತಳು.

ಹೊಸದು ಕೆತ್ತಿಸಲು ಹೊತ್ತಿರಲಿಲ್ಲ. ಅಮೃತ ಕೇಳಿ, ಓದಿ ತಿಳಿದುಕೊಂಡಳು: ಬಿರುಗಾಳಿಗೆಂದೇ ಇನುಯಿಟರು ಗಿಡ್ಡ ಹುಟ್ಟೊಂದನ್ನು ಇಟ್ಟುಕೊಳ್ಳುತ್ತಿದ್ದರಂತೆ. ಪ್ರತಿ ಎಳೆತಕ್ಕೂ ಕೈಯನ್ನು ಪಕ್ಕಕ್ಕೆ ಜಾರಿಸಿದರೆ ಕಡಿಮೆ ಬಿದ್ದ ಉದ್ದ ಸರಿಹೋಗುತ್ತದೆ. ಅವಳು ಅದನ್ನೇ ಪಟ್ಟು ಹಿಡಿದು ಕಲಿತಳು.

ಪಂದ್ಯದ ದಿನ ಕೆರೆಯ ಮೇಲೆ ಆಷಾಢದ ಗಾಳಿ. ಅಗಲ ಅಲಗಿನವರು ತೂರಾಡಿದರು, ಕೆಲವರು ಅರ್ಧದಿಂದಲೇ ತಿರುಗಿದರು. ಅಮೃತ ಮಾತ್ರ ಬಗ್ಗಿ, ಕೈ ಜಾರಿಸುತ್ತಾ ಜಾರಿಸುತ್ತಾ ಮೂರನೆಯವಳಾಗಿ ದಡ ಮುಟ್ಟಿದಳು. ಭುಜ ನೀವಿಕೊಳ್ಳಲೂ ಇಲ್ಲ.

ನೋಡಲು ಬಂದಿದ್ದ ಅಂಕಯ್ಯ ಕೇಳಿದ: "ಇನ್ನೊಂದ ನಿನ್ನಳತೆಗೇ ಕೆತ್ತಿಕೊಡ್ಲೇನವ್ವ?"

"ಬ್ಯಾಡ ಮಾವ, ಅವ್ವನ ಅಳತೆಗೇ ಕೆತ್ತು."

ಮಾಯಮ್ಮ ಸೆರಗು ಸಿಕ್ಕಿಸಿಕೊಂಡು, ದಡದ ಜನರೆಲ್ಲ ನೋಡುತ್ತಿದ್ದಂತೆ ಎರಡು ತೋಳನ್ನೂ ಚಾಚಿ ನಿಂತಳು.

"ತಗೊಳ್ಲಾ ಅಂಕಯ್ಯ, ಅಳತೆ."